ಹಾಲು ಹಿಂಡುವ ಯಂತ್ರ ಕೊಳ್ಳುವ ಮೊದಲು



ಚಿಕ್ಕನರಗುಂದದಂಥ ಎರಿ ಭೂಮಿಯ ಊರುಗಳಲ್ಲಿ ಜೋಳ, ಕಡಲಿ, ಹತ್ತಿಯ ರೊಕ್ಕ ಸುಗ್ಗಿಗೊಮ್ಮೆ ಬರುತ್ತದೆ. ವಾರದ ಸಂತಿಗೆ ಒದಗುವುದು ಹಾಲಿನ ರೊಕ್ಕ. ಅದಕ್ಕೇ ಈಗ ಎರಡು ಎಮ್ಮೆ ಕಟ್ಟಿದವರು ಸಹ, "ಹಿಂಡೋ ಮಶಿನ್ನು ತಂದರ ಹೆಂಗ್ರಿ?" ಎಂದು ಕೇಳುತ್ತಾರೆ. ಕೇಳುವುದು ಒಳ್ಳೆಯದೇ. ಆದರೆ ಅಂಗಡಿಗೆ ಹೋಗುವ ಮೊದಲು ನಿಮ್ಮ ಕೊಟ್ಟಿಗೆಯಲ್ಲಿ ನಿಂತು ಒಂದಿಷ್ಟು ಲೆಕ್ಕ ಹಾಕಿರಿ.

ಕಟ್ಟಿದ ದನ ಎಷ್ಟು ಎಂಬುದು ಲೆಕ್ಕವಲ್ಲ, ಇಂದು ಹಿಂಡುವ ದನ ಎಷ್ಟು ಎಂಬುದು ಲೆಕ್ಕ. ಗಬ್ಬದ ದನಕ್ಕೆ ಈಯುವ ಮೊದಲು ಎರಡು ತಿಂಗಳು ಹಾಲು ಬಿಡಿಸಲೇಬೇಕು. ನಾಲ್ಕು ಇದ್ದರೆ ಮೂರು ಹಿಂಡುತ್ತವೆ ಎಂದುಕೊಳ್ಳಿರಿ. ಪಳಗಿದ ಕೈಗೆ ಒಂದು ಆಕಳಿಗೆ ಏಳೆಂಟು ನಿಮಿಷ ಸಾಕು. ಮೂರಕ್ಕೆ ಅರ್ಧ ತಾಸಿನೊಳಗೆ ಕೆಲಸ ಮುಗಿಯಿತು. ಯಂತ್ರ ಇದಕ್ಕಿಂತ ಬೇಗ ಹಿಂಡೀತು, ಖರೆ. ಆದರೆ ಪ್ರತಿ ಸಲ ಅದನ್ನು ಬಿಚ್ಚಿ ತೊಳೆಯಲು ಕಾಲು ತಾಸು ಬೇಕು. ಉಳಿಸಿದ ವೇಳೆ ಬಚ್ಚಲಲ್ಲಿ ಹೋಯಿತು! ಆರೆಂಟು ದನ ಹಿಂಡುವ ಮನೆಯಲ್ಲಿ ಮಾತು ಬೇರೆ. ಅಲ್ಲಿ ಯಂತ್ರ ತನ್ನ ಕೂಲಿ ತಾನು ಗಳಿಸುತ್ತದೆ.

ಆದರೆ ಲೆಕ್ಕ ವೇಳೆಯದಷ್ಟೇ ಅಲ್ಲ. ಹಿಂಡುವವರು ಯಾರು? ಬಹಳ ಮನೆಗಳಲ್ಲಿ ಹೆಣ್ಣುಮಕ್ಕಳು. ಅವರ ಮಣಿಕಟ್ಟು ನೋಯುತ್ತಿದ್ದರೆ ಮೂರು ದನವಿದ್ದರೂ ಯಂತ್ರದ ವಿಚಾರ ಮಾಡಬೇಕಾದೀತು. ಯಂತ್ರ ನೋಡಲು ಹೋಗುವಾಗ ಯಜಮಾನರು ಒಬ್ಬರೇ ಹೋಗಬೇಡಿರಿ. ದಿನಾ ಹಿಂಡಿ, ದಿನಾ ತೊಳೆಯುವವರನ್ನು ಕರೆದುಕೊಂಡು ಹೋಗಿರಿ. ಕರೆಂಟಿಲ್ಲದೆ ಕೈಯಿಂದ ನಡೆಸುವ ಯಂತ್ರಗಳೂ ಇವೆ. ದಕ್ಷಿಣ ಕನ್ನಡದ ರೈತರೊಬ್ಬರೇ ಅಂಥದೊಂದನ್ನು ಮಾಡಿದ್ದಾರೆ.

ಇನ್ನು ಕೈಯಿಂದ ಹಿಂಡಿರಿ, ಯಂತ್ರದಿಂದ ಹಿಂಡಿರಿ, ಆಕಳು ತಾನಾಗಿ ತೊರೆ ಬಿಟ್ಟರೆ ಮಾತ್ರ ಹಾಲು. ಕೆಚ್ಚಲು ತೊಳೆದು, ಮೊಲೆ ಮುಟ್ಟಿದ ಕೂಡಲೆ ಅದರ ತಲೆಯಿಂದ ಒಂದು ರಸ ರಕ್ತಕ್ಕೆ ಇಳಿಯುತ್ತದೆ. ಅದು ಕೆಚ್ಚಲಿಗೆ ಮುಟ್ಟಲು ಸುಮಾರು ಒಂದು ನಿಮಿಷ ಬೇಕು. ಅದರ ಜೋರು ಐದಾರು ನಿಮಿಷದಲ್ಲಿ ಇಳಿದುಹೋಗುತ್ತದೆ. ಆದ್ದರಿಂದ ಎಲ್ಲ ದನಗಳ ಕೆಚ್ಚಲನ್ನು ಮೊದಲೇ ತೊಳೆದಿಟ್ಟು, ಆಮೇಲೆ ಒಂದೊಂದಾಗಿ ಹಿಂಡುವ ರೂಢಿ ಬಿಡಿರಿ. ಒಂದನ್ನು ತೊಳೆಯಿರಿ, ಒಣ ಅರಿವೆಯಿಂದ ಒರೆಸಿರಿ, ಅದನ್ನೇ ಹಿಂಡಿರಿ, ಆಮೇಲೆ ಮುಂದಿನದು. ಒಂದು ದನಕ್ಕೆ ಒಂದೇ ಅರಿವೆ. ನಡುವೆ ಎದ್ದು ಹೋಗಬಾರದು, ನಾಯಿ ಬೊಗಳಬಾರದು, ಬೈಗುಳವಂತೂ ಬೇಡವೇ ಬೇಡ. ಹೆದರಿದ ದನ ತೊರೆ ಏರಿಸಿಕೊಳ್ಳುತ್ತದೆ. ತೊರೆ ಬಿಡಿಸಲು ದಿನಾ ಸೂಜಿ ಚುಚ್ಚುವ ಚಟಕ್ಕೆ ಯಾರೂ ಬೀಳಬೇಡಿರಿ.

ಎಮ್ಮೆ ಇನ್ನೂ ಸಾವಕಾಶದ ಜೀವ. ನಮ್ಮ ಭಾಗದ ಧಾರವಾಡಿ ಎಮ್ಮೆಗೆ 2021ರಲ್ಲಿ ದೇಶದ ತಳಿಗಳ ಪಟ್ಟಿಯಲ್ಲಿ ಹೆಸರು ಸಿಕ್ಕಿತು. ಪೇಡೆ ತಿನ್ನುವ ಊರಿನವರಿಗೆ ಅದರ ಹಾಲಿನ ಗುಣ ಹೇಳಬೇಕೇ? ಎಮ್ಮೆ ತೊರೆ ಬಿಡಲು ಎರಡು ಮೂರು ನಿಮಿಷ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಅದರ ಮೊಲೆಯ ತುದಿಯೂ ಬಿಗಿ. ಕರ ಬಿಡದೆ ಹಾಲು ಕೊಡದ ಎಮ್ಮೆಗೆ ಒಮ್ಮಿಂದೊಮ್ಮೆ ಯಂತ್ರ ಹಚ್ಚಿದರೆ ಅದು ಒದೆಯದೆ ಏನು ಮಾಡೀತು? ಮೊದಲು ಎಂಟು ಹತ್ತು ದಿನ ಯಂತ್ರದ ಸಪ್ಪಳವನ್ನಷ್ಟೇ ಕೇಳಿಸಿರಿ. ಚೊಚ್ಚಲ ಪಡ್ಡೆಗೆ ಇದು ಬೇಗ ರೂಢಿಯಾಗುತ್ತದೆ. ಮುದಿ ಎಮ್ಮೆಗೆ ಆಗದಿದ್ದರೆ ಕೈಯೇ ವಾಸಿ.

ಪ್ರತಿ ಮೊಲೆಯ ಮೊದಲ ಮೂರು ನಾಲ್ಕು ಧಾರೆಯನ್ನು ಕರಿ ಅರಿವೆ ಕಟ್ಟಿದ ಬಟ್ಟಲಲ್ಲಿ ಹಿಂಡಿ ನೋಡಿರಿ. ಗರಣೆ, ನೀರು, ರಕ್ತ ಕಂಡರೆ ಕೆಚ್ಚಲ ಬಾವು ಬಂದಿದೆಯೆಂದೇ ತಿಳಿದು, ಆ ದನವನ್ನು ಎಲ್ಲಕ್ಕೂ ಕಡೆಗೆ ಹಿಂಡಿರಿ, ಅಂದೇ ಪಶು ವೈದ್ಯರನ್ನು ಕಾಣಿರಿ. ಎರಡು ದಿನ ಉಪೇಕ್ಷೆ ಮಾಡಿದರೆ ಒಂದು ಮೊಲೆ ಕಾಯಂ ಹೋಗಬಹುದು. ನಾಲ್ಕು ಮೊಲೆಯ ಆಕಳಿನ ಬೆಲೆ ಮೂರು ಮೊಲೆಯದಕ್ಕೆ ಸಂತೆಯಲ್ಲಿ ಯಾರು ಕೊಡುತ್ತಾರೆ? ಔಷಧಿ ನಡೆದಿರುವಾಗ, ಆಮೇಲೆ ವೈದ್ಯರು ಹೇಳಿದಷ್ಟು ದಿನ, ಆ ಹಾಲು ಡೇರಿಗೆ ಬೇಡ, ಮಕ್ಕಳಿಗೂ ಬೇಡ. ಹೆಬ್ಬೆರಳು ಮಡಚಿ ಹಿಂಡುವ ಚಾಳಿಯೂ ಮೊಲೆಗೆ ಪೆಟ್ಟು. ಪೂರ್ಣ ಮುಷ್ಟಿಯಿಂದ ಹಿಂಡಿರಿ. ಹಿಂಡಿದ ಮೇಲೆ ಮೊಲೆಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಮುಂದೆ ಕಣಕಿ ಹಾಕಿಬಿಡಿರಿ. ದನ ತಿನ್ನುತ್ತ ಅರ್ಧ ತಾಸು ನಿಂತಿರಲಿ. ಆಗ ಮೊಲೆಯ ಬಾಯಿ ತೆರೆದಿರುತ್ತದೆ; ಸಗಣಿಯಲ್ಲಿ ಮಲಗಿದರೆ ರೋಗ ಒಳಗೆ ಹೋಗುತ್ತದೆ. ಮಳೆಗಾಲದಲ್ಲಿ ನಮ್ಮ ಎರಿ ಮಣ್ಣಿನ ರಾಡಿ ನಿಮಗೆ ಗೊತ್ತೇ ಇದೆ. ನನ್ನನ್ನು ಕೇಳಿದರೆ, ಯಂತ್ರಕ್ಕಿಂತ ಮೊದಲು ಹಿಂಡುವ ಜಾಗಕ್ಕೆ ಇಳಿಜಾರಾಗಿ ಪರಸಿ ಹಾಸಿರಿ ಎನ್ನುತ್ತೇನೆ.

ಯಂತ್ರ ಕೊಳ್ಳುವುದೇ ಆದರೆ ಮಾಪಕ ಇದ್ದದ್ದನ್ನೇ ಕೊಳ್ಳಿರಿ. ಆಕಳಿಗೆ ಎಳೆತ 40ರಿಂದ 45 ಕಿಲೋಪಾಸ್ಕಲ್, ಪಾದರಸದ ಲೆಕ್ಕದಲ್ಲಿ ಸುಮಾರು 300ರಿಂದ 340 ಮಿಲಿಮೀಟರ್ ಇರಲಿ. ನಿಮಿಷಕ್ಕೆ ಸುಮಾರು 60 ಸಲ ಹಿಸುಕಿ ಬಿಡಬೇಕು. ಎಮ್ಮೆಗೆ ಎಳೆತ ತುಸು ಹೆಚ್ಚು ಬೇಕಾಗುತ್ತದೆ. ಅದನ್ನು ತಿಳಿದವರಿಂದಲೇ ಹೊಂದಿಸಿಕೊಳ್ಳಿರಿ. ಹಾಲು ನಿಂತ ಕೂಡಲೆ ಬಟ್ಟಲು ತೆಗೆಯಿರಿ. ಖಾಲಿ ಮೊಲೆ ಎಳೆದರೆ ಬಾವಿಗೆ ನಾವೇ ದಾರಿ ಮಾಡಿದಂತೆ. ಒಳಗಿನ ರಬ್ಬರು ಆರು ತಿಂಗಳಿಗೊಮ್ಮೆ ಬದಲಿಸಬೇಕು, ಸೀಳದಿದ್ದರೂ ಬದಲಿಸಬೇಕು. ಆ ಖರ್ಚನ್ನು ಮೊದಲೇ ಲೆಕ್ಕದಲ್ಲಿ ಹಿಡಿಯಿರಿ.

ತೊಳೆಯುವ ಕ್ರಮ ಹೀಗೆ: ಹಿಂಡಿದ ಕೂಡಲೆ ಉಗುರುಬೆಚ್ಚಗಿನ ನೀರು, ಆಮೇಲೆ ಸೋಡಾ ಬೆರೆಸಿದ ಬಿಸಿನೀರು, ಕಡೆಗೆ ಚೊಕ್ಕ ನೀರು. ಮೊದಲೇ ಕುದಿನೀರು ಹಾಕಿದರೆ ಹಾಲು ಅಲ್ಲೇ ಅಂಟುತ್ತದೆ. ನಳಿಗೆಗಳನ್ನು ತಲೆಕೆಳಗೆ ತೂಗಹಾಕಿರಿ. ಬೋರಿನ ನೀರು ಸವಳಾಗಿದ್ದರೆ ಬಿಳಿ ಪದರ ಕಟ್ಟುತ್ತದೆ; ಅದಕ್ಕೆ ಯಂತ್ರದವರು ಕೊಡುವ ಹುಳಿ ದ್ರಾವಣದಿಂದ ವಾರಕ್ಕೊಮ್ಮೆ ತೊಳೆಯಬೇಕು. ಕೈಯಿಂದ ಹಿಂಡುವವರು ಪ್ಲಾಸ್ಟಿಕ್ ಬಕೆಟ್ಟು ಬಿಟ್ಟು ಬಾಯಿ ಕಿರಿದಾದ ಸ್ಟೀಲಿನ ಪಾತ್ರೆ ಇಟ್ಟುಕೊಳ್ಳಿರಿ. ಹಾಲನ್ನು ನೆರಳಲ್ಲಿ ಮುಚ್ಚಿ ಒಯ್ದು, ಆದಷ್ಟು ಬೇಗ ಸಂಘಕ್ಕೆ ಹಾಕಿರಿ. ಬೇಸಿಗೆಯಲ್ಲಿ ಒಂದು ತಾಸಿನ ತಡವೂ ಹಾಲು ಕೆಡಿಸೀತು.

ಇನ್ನೊಂದು ಮಾತು. ಕರೆಂಟು ಹೋದ ದಿನ ಹಿಂಡುವ ಕೈ ಮನೆಯಲ್ಲಿ ಇರಲೇಬೇಕು. ಯಂತ್ರ ಬಂದಿತೆಂದು ಮಕ್ಕಳಿಗೆ ಕೈ ಹಿಂಡಿಕೆ ಕಲಿಸುವುದನ್ನು ಬಿಡಬೇಡಿರಿ. ಮಾರುವವನಿಗೆ ಎರಡು ಮಾತು ಕೇಳಿರಿ: ರಬ್ಬರು ನರಗುಂದದಲ್ಲಿ ಸಿಗುತ್ತದೆಯೋ, ಗದಗಕ್ಕೋ ಹುಬ್ಬಳ್ಳಿಗೋ ಹೋಗಬೇಕೋ? ಕೆಟ್ಟರೆ ರಿಪೇರಿಗೆ ಎಷ್ಟು ದಿನಕ್ಕೆ ಬರುತ್ತೀರಿ? ಉತ್ತರವನ್ನು ರಸೀದಿಯ ಮೇಲೆ ಬರೆಸಿಕೊಂಡು ಆಮೇಲೆ ರೊಕ್ಕ ಎಣಿಸಿರಿ.