ಎರಡು ತಿಂಗಳ ರಜೆ ಯಾರ ಲೆಕ್ಕಕ್ಕೆ?

ಕಾರ್ಕಳ ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಿರೋರಿಗೂ, ಮಣಿಪಾಲದ ಹಾಸ್ಟೆಲಲ್ಲಿ ಮಲ್ಕೊಂಡು ಕೇಳ್ತಿರೋರಿಗೂ ಸ್ವಾಗತ. ಇವತ್ತಿನ ಕತೆ ಶುರುವಾಗೋದು ಒಂದು ಶರ್ಟಿನ ಗುಂಡಿಯಿಂದ.

ಕಾಪು ಹತ್ತಿರ ನನ್ನ ಚಿಕ್ಕಮ್ಮನ ಮನೆ. ಅವರ ಮಗನಿಗೆ 11 ವರ್ಷ. ಬೌದ್ಧಿಕ ಬೆಳವಣಿಗೆ ಸ್ವಲ್ಪ ನಿಧಾನ, ವಿಶೇಷ ಶಾಲೆಗೆ ಹೋಗ್ತಾನೆ. ಕಳೆದ ವರ್ಷ ಜೂನ್‌ನಿಂದ ಮಾರ್ಚ್‌ವರೆಗೆ ಟೀಚರ್ ದಿನಾ ಪಕ್ಕದಲ್ಲಿ ಕೂತು ಕಲಿಸಿದ ಮೇಲೆ ತನ್ನ ಶರ್ಟಿನ ಗುಂಡಿ ತಾನೇ ಹಾಕ್ಕೊಳ್ಳೋಕೆ ಕಲಿತ. ವಿಡಿಯೋ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಬಂತು, ಎಲ್ರೂ ಖುಷಿಪಟ್ವಿ. ಏಪ್ರಿಲಲ್ಲಿ ರಜೆ ಶುರುವಾಯ್ತು. ಆದರೂ ಅವನು ದಿನಾ ಬೆಳಿಗ್ಗೆ ಬ್ಯಾಗ್ ಹಾಕ್ಕೊಂಡು ಗೇಟಲ್ಲಿ ನಿಲ್ತಿದ್ದ. ವ್ಯಾನ್ ಬರಲಿಲ್ಲ. ರಜೆ ಅಂದ್ರೆ ಎಂತ ಅಂತ ಅವನಿಗೆ ಹೇಗೆ ಅರ್ಥ ಮಾಡಿಸೋದು ಮಾರಾಯ್ರೆ? ಜೂನ್‌ನಲ್ಲಿ ಶಾಲೆಗೆ ಹೊರಟಾಗ ಒಂದು ಗುಂಡಿಯೂ ಹಾಕ್ಲಿಕ್ಕೆ ಬರ್ತಿರಲಿಲ್ಲ.

ನಾನು ಓದಿದ್ದು ಬಿಕಾಂ. ಎಂತ ನೋಡಿದ್ರೂ ಲೆಕ್ಕ ಬರೆಯೋ ಅಭ್ಯಾಸ. ಹತ್ತು ತಿಂಗಳ ಟೀಚರ್ ಶ್ರಮ ಒಂದು ಕಡೆ, ಎರಡು ತಿಂಗಳ ಸವಕಳಿ ಇನ್ನೊಂದು ಕಡೆ. ಚಿಕ್ಕಮ್ಮ ಗೇರುಬೀಜ ಕಾರ್ಖಾನೆಗೆ ಹೋಗೋರು. ಮಗನನ್ನು ಒಬ್ಬನೇ ಬಿಡೋ ಹಾಗಿಲ್ಲ, ಹಾಗಾಗಿ ಆ ಎರಡು ತಿಂಗಳ ಕೂಲಿಯೂ ಹೋಯ್ತು. ಅದನ್ನು ಬರೆದಿಟ್ಟ ಖಾತೆ ಎಲ್ಲೂ ಇಲ್ಲ.

ಬೇಸಿಗೆ ಶಿಬಿರಕ್ಕಾದ್ರೂ ಸೇರಿಸೋಣ ಅಂತ ಎರಡು ಕಡೆ ಫೋನ್ ಮಾಡಿದೆ. "ಅಂಥ ಮಕ್ಕಳನ್ನು ನೋಡ್ಕೊಳ್ಳೋಕೆ ನಮ್ಮಲ್ಲಿ ಜನ ಇಲ್ಲ" ಅಂದ್ರು. ಸಿಟ್ಟು ಬಂತು, ಆದರೆ ಅವರು ಹೇಳಿದ್ದು ಸುಳ್ಳಲ್ಲ.

ಇದೇ ಪ್ರಶ್ನೆ ಅಮೆರಿಕದಲ್ಲಿ ಕೋರ್ಟಿಗೆ ಹೋಗಿತ್ತು. ಪೆನ್ಸಿಲ್ವೇನಿಯಾದಲ್ಲಿ ವರ್ಷಕ್ಕೆ 180 ದಿನ ಮಾತ್ರ ಪಾಠ ಅನ್ನೋ ಮಿತಿ ಇತ್ತು. ರಜೆಯಲ್ಲಿ ನಮ್ಮ ಮಕ್ಕಳು ಕಲಿತದ್ದನ್ನು ಮರೀತಾರೆ, ಮತ್ತೆ ಕಲಿಯೋಕೆ ತುಂಬಾ ಕಾಲ ಬೇಕು ಅಂತ ಪೋಷಕರು ವಾದಿಸಿದ್ರು. 1979ರಲ್ಲಿ ಗೆದ್ದರು. ಈಗ ಅಲ್ಲಿ, ಅಗತ್ಯ ಇರುವ ಮಗುವಿಗೆ ರಜೆಯಲ್ಲೂ ಸರಕಾರಿ ಶಾಲಾ ವ್ಯವಸ್ಥೆಯೇ ಪಾಠ, ಥೆರಪಿ ಕೊಡಬೇಕು.

ನಮ್ಮಲ್ಲೂ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಉಂಟು. ಅದು 21 ಬಗೆಯ ಅಂಗವೈಕಲ್ಯವನ್ನು ಗುರುತಿಸುತ್ತದೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಡೋದು 31ನೇ ಸೆಕ್ಷನ್. ಅಲ್ಲಿ ರಜೆಯ ಮಾತೇ ಇಲ್ಲ.

ಹಾಗಂತ ನಮ್ಮ ಜಿಲ್ಲೆ ಬರಿಗೈಯಲ್ಲಿಲ್ಲ. ಉಡುಪಿಯಲ್ಲಿ ಆಶಾ ನಿಲಯ, ಕಾಪು ಕಡೆ ಪಾಂಬೂರಿನಲ್ಲಿ ಮಾನಸ, ಕಾರ್ಕಳದ ಅಯ್ಯಪ್ಪನಗರದಲ್ಲಿ ವಿಜೇತ ವಿಶೇಷ ಶಾಲೆಗಳಿವೆ. ಮಣಿಪಾಲದಲ್ಲಿ ಸ್ಪೀಚ್ ಥೆರಪಿ, ಆಕ್ಯುಪೇಶನಲ್ ಥೆರಪಿ ಓದುವ ವಿದ್ಯಾರ್ಥಿಗಳೇ ಇದ್ದಾರೆ. ಸರಕಾರಿ ಶಾಲೆಗಳಿಗೆ ಸಮಗ್ರ ಶಿಕ್ಷಣದಡಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿದ್ದಾರೆ. ಇವರನ್ನೆಲ್ಲ ರಜೆಯಲ್ಲೂ ಒಂದು ದಾರದಲ್ಲಿ ಪೋಣಿಸಬೇಕು.

ನನ್ನ ಲೆಕ್ಕ ಸಿಂಪಲ್. ಉಡುಪಿ–ಮಣಿಪಾಲಕ್ಕೆ ಒಂದು, ಕಾಪುವಿಗೆ ಒಂದು, ಕಾರ್ಕಳಕ್ಕೆ ಒಂದು ಬೇಸಿಗೆ ಕೇಂದ್ರ. ನಾಲ್ಕು ವಾರ, ಬಿಸಿಲೇರುವ ಮೊದಲು ಬೆಳಿಗ್ಗೆ ಮೂರು ಗಂಟೆ. ಹೊಸ ಪಾಠ ಬೇಡ, ಕಲಿತದ್ದು ಉಳಿದರೆ ಸಾಕು. ವಿಶೇಷ ಶಿಕ್ಷಕರಿಗೂ ರಜೆ ಬೇಕೇ ಬೇಕು, ವರ್ಷವಿಡೀ ಅವರು ಪಡುವ ಕಷ್ಟ ನಾನು ಕಂಡಿದ್ದೇನೆ. ಹಾಗಾಗಿ ಸರದಿಯಲ್ಲಿ ಬರಲಿ, ಬಂದ ದಿನಕ್ಕೆ ಗೌರವಧನ ಸಿಗಲಿ. ಥೆರಪಿ ವಿದ್ಯಾರ್ಥಿಗಳು ಅವರ ಕೈಕೆಳಗೆ ಕೆಲಸ ಮಾಡಲಿ. ದೊಡ್ಡ ಖರ್ಚು ಕಟ್ಟಡದ್ದಲ್ಲ, ವ್ಯಾನಿನದ್ದು. ವ್ಯಾನ್ ಇಲ್ಲದಿದ್ರೆ ಒಳಗಿನ ಹಳ್ಳಿಯ ಮಗು ಬರೋದೇ ಇಲ್ಲ. ಊರಿನ ದಾನಿಗಳು ಒಂದು ವ್ಯಾನಿನ ಡೀಸೆಲ್ ಮತ್ತು ಡ್ರೈವರ್ ಸಂಬಳ ವಹಿಸ್ಕೊಂಡ್ರೂ ಅರ್ಧ ಕೆಲಸ ಆದ ಹಾಗೆ.

ಅದಾಗುವವರೆಗೆ? ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಇಂಥ ಮಗು ಇದ್ರೆ, ರಜೆಗೆ ಮೊದಲೇ ಟೀಚರನ್ನು ಕೇಳಿ: "ಮರೆಯಬಾರದ ಮೂರು ವಿಷಯ ಯಾವುದು?" ಬರೆದು ಗೋಡೆಗೆ ಅಂಟಿಸಿ. ದಿನಾ ಒಂದೇ ಹೊತ್ತಿಗೆ ಹತ್ತು ನಿಮಿಷ ಮಾಡಿಸಿ. ಅಮ್ಮನಿಗೆ ವಾರಕ್ಕೆರಡು ಮಧ್ಯಾಹ್ನ ಬಿಡುವು ಕೊಡಿ. ಇದಕ್ಕೆ ಡಿಗ್ರಿ ಬೇಡ.

ಈ ರಜೆಯಲ್ಲಿ ನಾವೂ ಹಾಗೇ ಮಾಡಿದ್ವಿ. ನಾನು ಊರಲ್ಲಿದ್ದ ದಿನ ಕೂತು, ಇಲ್ಲದ ದಿನ ವಿಡಿಯೋ ಕಾಲಲ್ಲಿ. ನಾಲ್ಕು ಗುಂಡಿಯಲ್ಲಿ ಎರಡು ಉಳಿದಿದೆ. ಇನ್ನೆರಡಕ್ಕೆ ಅವನ ಟೀಚರೇ ಬೇಕು, ನನ್ನ ಕೈಯಲ್ಲಿ ಆಗ್ಲಿಲ್ಲ.

ನಿಮ್ಮ ಊರಲ್ಲಿ ಖಾಲಿ ಇರುವ ಒಂದು ಹಾಲ್, ಒಂದು ವ್ಯಾನ್ ಕಂಡ್ರೆ ನನಗೆ ವಾಯ್ಸ್ ಮೆಸೇಜ್ ಹಾಕಿ. ಮುಂದಿನ ಏಪ್ರಿಲ್‌ಗೆ ಮೊದಲು ಪಟ್ಟಿ ಮಾಡೋಣ.