ಹಿಮದ ನಾಡಿನಲ್ಲಿ ಗೆಳೆಯರೊಡನೆ

ಪುಷ್ಯ ಮಾಸದ ಬೆಳಗಿನಲ್ಲಿ ಕಿವಿಗೆ ಉಣ್ಣೆಯ ವಸ್ತ್ರವನ್ನು ಸುತ್ತಿಕೊಂಡು, ಬಿಸಿ ಕಾಫಿಯ ಲೋಟವನ್ನು ಎರಡು ಕೈಗಳಿಂದಲೂ ಹಿಡಿದು ಕುಳಿತುಕೊಳ್ಳುವ ನಾವು, ಚಳಿಯೆಂದರೆ ಮನೆಯೊಳಗೆ ಇದ್ದು ಕಳೆಯಬೇಕಾದ ಒಂದು ಕಷ್ಟವೆಂದೇ ತಿಳಿದವರು. ಅಂತಹ ಚಳಿಯನ್ನು ಹುಡುಕಿಕೊಂಡು ಸಾವಿರಾರು ಮೈಲಿ ಹೋಗುವುದು ನಮ್ಮವರ ಕಣ್ಣಿಗೆ ಹುಚ್ಚಾಗಿ ಕಂಡರೆ ಆಶ್ಚರ್ಯವೇನೂ ಇಲ್ಲ. ಆದರೂ ಕೆಲವು ವರ್ಷಗಳ ಹಿಂದೆ, ಒಂದು ಫೆಬ್ರವರಿ ತಿಂಗಳಿನಲ್ಲಿ, ನಾವು ನಾಲ್ವರು ಈ ಹುಚ್ಚಿಗೆ ಒಳಗಾದೆವು. ನಮ್ಮ ಜೊತೆಗೆ ಇದ್ದವರು ನಮ್ಮ ಕಾಲೇಜಿನ ಗಣಿತದ ಅಧ್ಯಾಪಕರು. ಸ್ವೀಡನ್ ದೇಶದಲ್ಲಿ ಸಂಶೋಧನೆ ನಡೆಸುತ್ತಿದ್ದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ. ಮತ್ತು ಅವನ ಸಹಪಾಠಿಯಾದ ಆ ದೇಶದ ತರುಣನೊಬ್ಬ. ಆ ಪ್ರವಾಸದಲ್ಲಿ ನಾವು ಕಲಿತ ಒಂದು ಸಂಗತಿಯನ್ನು ಶ್ರೋತೃಗಳ ಮುಂದೆ ಇಡಬೇಕೆಂಬುದೇ ಈ ಭಾಷಣದ ಉದ್ದೇಶ.

ನಾವು ಹೋದ ಊರಿನ ಹೆಸರು ಅಬಿಸ್ಕೊ. ಅದು ಸ್ವೀಡನ್ನಿನ ಉತ್ತರದ ಅಂಚಿನಲ್ಲಿ, ಉತ್ತರ ಧ್ರುವವೃತ್ತವನ್ನು ದಾಟಿ ಸುಮಾರು ೨೦೦ ಕಿಲೋಮೀಟರುಗಳಾಚೆ, ತೂರ್ನೆತ್ರೆಸ್ಕ್ ಎಂಬ ಸರೋವರದ ದಂಡೆಯ ಮೇಲಿದೆ. ಸರೋವರದ ಉದ್ದ ಸುಮಾರು ೭೦ ಕಿಲೋಮೀಟರು. ಚಳಿಗಾಲದಲ್ಲಿ ಅದು ಸರೋವರವಲ್ಲ, ಬಿಳಿಯ ಬಯಲು. ಇಂತಹ ನಿರ್ಜನ ಪ್ರದೇಶಕ್ಕೆ ರೈಲು ಬಂದುದು ವಿಹಾರಕ್ಕಾಗಿ ಅಲ್ಲ. ಕಿರುನಾ ಎಂಬಲ್ಲಿಯ ಕಬ್ಬಿಣದ ಅದಿರನ್ನು ನಾರ್ವೆಯ ನಾರ್ವಿಕ್ ಬಂದರಿಗೆ ಸಾಗಿಸಲು ಹಾಕಿದ ಹಳಿ ೧೯೦೩ರಲ್ಲಿ ವಿಧ್ಯುಕ್ತವಾಗಿ ತೆರೆಯಿತು. ಅದಿರಿನ ಬೆನ್ನಿಗೇ ವಿಹಾರಿಗಳೂ ಬಂದರು. ೧೯೦೯ರಲ್ಲಿ ಅಬಿಸ್ಕೊ ರಾಷ್ಟ್ರೀಯ ಉದ್ಯಾನವಾಯಿತು. ಪಶ್ಚಿಮದ ಪರ್ವತಗಳು ಮೋಡಗಳನ್ನು ತಡೆದುಬಿಡುವುದರಿಂದ ಅಲ್ಲಿ ವರ್ಷಕ್ಕೆ ಬೀಳುವ ಮಳೆ ಹಿಮಗಳೆರಡೂ ಸೇರಿ ಸುಮಾರು ೩೦೦ ಮಿಲಿಮೀಟರು ಮಾತ್ರ. ಆಕಾಶವು ಬಹುಮಟ್ಟಿಗೆ ನಿರ್ಮಲವಾಗಿರುತ್ತದೆ. ಡಿಸೆಂಬರಿನಲ್ಲಿ ಕೆಲವು ವಾರ ಸೂರ್ಯನು ಏಳುವುದೇ ಇಲ್ಲ. ನಾವು ಹೋದಾಗ ಹಗಲು ಏಳೆಂಟು ಗಂಟೆಗಳಷ್ಟು ಬೆಳೆದಿತ್ತು.

ಮೊದಲನೆಯ ದಿನ ನಮಗೆ ಸ್ಕೀ ಕಟ್ಟಿಕೊಂಡು ನಡೆಯುವ ಅಕ್ಷರಾಭ್ಯಾಸವಾಯಿತು. ಸ್ಕೀ ಎಂದರೆ ಪಾದಕ್ಕೆ ಬಿಗಿಯುವ ಉದ್ದವಾದ ಹಲಗೆಗಳು. ಇದು ನಿನ್ನೆ ಮೊನ್ನೆಯ ಆಟವಲ್ಲ. ಉತ್ತರ ಸ್ವೀಡನ್ನಿನ ಕಾಲ್ವ್‌ತ್ರೆಸ್ಕ್ ಎಂಬಲ್ಲಿ ೧೯೨೪ರಲ್ಲಿ ಜವುಗು ನೆಲದೊಳಗೆ ದೊರೆತ ಒಂದು ಜೊತೆ ಹಲಗೆಗಳಿಗೆ ಐದು ಸಾವಿರ ವರ್ಷಗಳಿಗೂ ಮಿಕ್ಕಿದ ವಯಸ್ಸೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಐದು ಸಾವಿರ ವರ್ಷಗಳ ಈ ವಿದ್ಯೆಯನ್ನು ಒಂದು ಬೆಳಗಿನಲ್ಲಿ ಸಾಧಿಸಹೊರಟ ಇಬ್ಬರು ಅಧ್ಯಾಪಕರು ಎಷ್ಟು ಸಲ ಬಿದ್ದರೆಂಬುದನ್ನು ಗಣಿತದವರೂ ಲೆಕ್ಕವಿಡಲಿಲ್ಲ. ಐದಾರು ವರ್ಷದ ಮಕ್ಕಳು ನಮ್ಮ ಪಕ್ಕದಲ್ಲಿಯೇ ಜಾರಿಕೊಂಡು ಹೋಗಿ, ತಿರುಗಿ ನೋಡಿ ನಗುತ್ತಿದ್ದರು.

ಆ ತರುಣನು ನಮಗೆ ಹೇಳಿದ ಮೊದಲ ಪಾಠ, ಬೆವರಬಾರದು ಎಂಬುದು. ಕೊರೆಯುವ ಚಳಿಯಲ್ಲಿ ಬೆವರಿನ ಭಯವೇ ಎಂದು ನಾವು ನಕ್ಕೆವು. ಆದರೆ ಅಲ್ಲಿಯ ಪರಮ ಶತ್ರು ತೇವವೇ ಸರಿ. ಒದ್ದೆಯಾದ ಬಟ್ಟೆಯು ಮೈಯ ಕಾವನ್ನು ಬಹುಬೇಗ ಕದಿಯುತ್ತದೆ. ಆ ನಾಡಿನ ಮೂಲನಿವಾಸಿಗಳಾದ ಸಾಮಿ ಜನರು ಹಿಮಸಾರಂಗದ ಚರ್ಮದ ಪಾದರಕ್ಷೆಯೊಳಗೆ ಒಣಹುಲ್ಲನ್ನು ತುಂಬುತ್ತಿದ್ದುದು ಇದೇ ಕಾರಣದಿಂದ. ಹುಲ್ಲು ತೇವವನ್ನು ಹೀರುತ್ತದೆ, ಎಳೆಗಳ ನಡುವೆ ಗಾಳಿಯನ್ನು ಹಿಡಿದಿಟ್ಟು ಕಾಲನ್ನು ಬೆಚ್ಚಗಿಡುತ್ತದೆ; ರಾತ್ರಿ ಅದನ್ನು ತೆಗೆದು ಒಣಗಿಸಿದರೆ ಬೆಳಗಿಗೆ ಮತ್ತೆ ಸಿದ್ಧ.

ಎರಡನೆಯ ಪಾಠವು ನಮಗೆ ಇನ್ನೂ ವಿಚಿತ್ರವಾಗಿ ಕಂಡಿತು. ಹಾದಿಯಲ್ಲಿ ಆಗಾಗ ನಿಂತು, ಇಬ್ಬಿಬ್ಬರಾಗಿ ಎದುರುಬದುರಾಗಿ ಒಬ್ಬರ ಮುಖವನ್ನೊಬ್ಬರು ನೋಡಬೇಕು. ಚಳಿಯು ಮೂಗನ್ನೋ ಕೆನ್ನೆಯನ್ನೋ ಹಿಡಿದಾಗ ಅಲ್ಲಿ ಮೊದಲು ಉರಿಯಾಗುತ್ತದೆ, ಅನಂತರ ಸ್ಪರ್ಶಜ್ಞಾನವೇ ಹೋಗುತ್ತದೆ. ನೋವು ನಿಂತಿತೆಂದು ನಾವು ಸಮಾಧಾನಪಡುವ ಗಳಿಗೆಯೇ ಅಪಾಯದ ಗಳಿಗೆ. ಅಲ್ಲಿ ಮೂಡುವ ಬಿಳಿಯ ಮಚ್ಚೆಯು ಅದನ್ನು ಹೊತ್ತವನಿಗೆ ಕಾಣದು, ತಿಳಿಯದು; ಗೆಳೆಯನ ಕಣ್ಣಿಗೆ ಮಾತ್ರ ಕಾಣುತ್ತದೆ.

ಎರಡನೆಯ ದಿನ ನಾವು ಅಬಿಸ್ಕೊಯೌರೆ ಎಂಬ ಕೆರೆಯ ದಂಡೆಯ ಪ್ರವಾಸಿ ಕುಟೀರಕ್ಕೆ ಹೊರಟೆವು. ದೂರ ೧೫ ಕಿಲೋಮೀಟರು. ಅಬಿಸ್ಕೊದಿಂದ ಹೆಮಾವಾನ್‌ವರೆಗೆ ಸುಮಾರು ೪೪೦ ಕಿಲೋಮೀಟರ್ ಸಾಗುವ, ರಾಜಮಾರ್ಗವೆಂಬ ಅರ್ಥದ ಹೆಸರುಳ್ಳ ಹಾದಿಯ ಮೊದಲ ಭಾಗವಿದು. ಹಿಮವು ಹಾದಿಯನ್ನು ಮುಚ್ಚಿದರೂ ದಿಕ್ಕು ತಪ್ಪದಂತೆ ಕಂಬಗಳನ್ನು ನೆಟ್ಟು, ತುದಿಗೆ ಕೆಂಪು ಬಣ್ಣದ ಅಡ್ಡಪಟ್ಟಿಗಳನ್ನು ಬಡಿದಿದ್ದಾರೆ. ಹೊರಟಾಗ ಗಾಳಿಯಿರಲಿಲ್ಲ. ಹತ್ತು ಕಿಲೋಮೀಟರ್ ಕಳೆಯುವ ಹೊತ್ತಿಗೆ ಎದುರುಗಾಳಿ ಎದ್ದಿತು. ನೆಲದ ಹಿಮವು ಹಿಟ್ಟಿನಂತೆ ಹಾರತೊಡಗಿತು. ಮುಂದಿನ ಕಂಬವು ಒಮ್ಮೆ ಕಾಣುವುದು, ಒಮ್ಮೆ ಮರೆಯಾಗುವುದು. ಆಗ ಗಣಿತದ ಅಧ್ಯಾಪಕರು ನಮ್ಮ ಎದುರಿಗೆ ಬಂದು ನಿಂತು, ಇದ್ದಕ್ಕಿದ್ದಂತೆ, “ಏ, ನಿನ್ನ ಮೂಗು ಬೆಳ್ಳಗಾಗಿದೆ!” ಎಂದು ಕೂಗಿದರು.

ಹದಿನೈದು ವರ್ಷ ಒಂದೇ ಕಾಲೇಜಿನಲ್ಲಿ ಪಾಠ ಹೇಳಿದ ನಮ್ಮಿಬ್ಬರ ನಡುವೆ ಅಂದಿನವರೆಗೆ ‘ನೀವು’ ಎಂಬುದಲ್ಲದೆ ಬೇರೆ ಸಂಬೋಧನೆ ಇದ್ದಿರಲಿಲ್ಲ.

ಅವರು ಕೈಗವಸನ್ನು ಕಳಚಿ ತಮ್ಮ ಬರಿಯ ಅಂಗೈಯನ್ನು ನಮ್ಮ ಮೂಗಿನ ಮೇಲೆ ಒತ್ತಿ ಹಿಡಿದರು. ಹಿಮದಿಂದ ಉಜ್ಜಬೇಕೆಂಬ ಹಳೆಯ ನಂಬಿಕೆ ತಪ್ಪು; ಉಜ್ಜಿದರೆ ಚರ್ಮಕ್ಕೆ ಮತ್ತಷ್ಟು ಹಾನಿ. ಸ್ವಲ್ಪ ಹೊತ್ತಿಗೆ ಮೂಗು ಉರಿಯಿತು. ಉರಿ ಎಂದೂ ಅಷ್ಟು ಹಿತವಾಗಿರಲಿಲ್ಲ. ತರುಣನು ಹಿಂದಿರುಗೋಣವೆಂದನು. “ಇನ್ನು ಐದೇ ಕಿಲೋಮೀಟರಲ್ಲವೆ?” ಎಂದು ನಾವು ಹಠ ಹಿಡಿದೆವು. ಗೆಳೆಯರು, “ಮೂಗಿಗಿಂತ ಮೂಗುತಿ ಭಾರವಾಗಬಾರದು, ನಡೆ” ಎಂದರು. ಹಿಂದಿರುಗಿದೆವು. ಮನಸ್ಸಿನಲ್ಲಿ ಅವಮಾನವಿದ್ದುದು ನಿಜ. ಸಂಜೆ ತರುಣನು ನೆರೆಯ ನಾರ್ವೆಯವರ ಪರ್ವತ ನಿಯಮಗಳನ್ನು ನೆನಪಿಸಿದನು. ೧೯೫೦ರ ದಶಕದಲ್ಲಿ ರೂಪುಗೊಂಡು ೨೦೧೬ರಲ್ಲಿ ಪರಿಷ್ಕೃತವಾದ ಆ ನಿಯಮಗಳಲ್ಲಿ ಒಂದು, ಸಕಾಲದಲ್ಲಿ ಹಿಂದಿರುಗುವುದರಲ್ಲಿ ನಾಚಿಕೆಯಿಲ್ಲ ಎಂಬುದಾಗಿದೆ.

ಆ ರಾತ್ರಿ ನಮಗೆ ನೆನಪಾದುದು ನಾರ್ವೆಯ ಮಹಾ ಸಾಹಸಿ ನಾನ್ಸೆನ್. ಆತನೂ ಯೋಹಾನ್ಸೆನ್ ಎಂಬ ಸಂಗಡಿಗನೂ ೧೮೯೫ರ ಮಾರ್ಚಿಯಲ್ಲಿ ತಮ್ಮ ಫ್ರಾಮ್ ಹಡಗನ್ನು ಬಿಟ್ಟು, ನಾಯಿಗಳ ಬಂಡಿಗಳೊಡನೆ ಉತ್ತರ ಧ್ರುವದ ಕಡೆಗೆ ನಡೆದರು. ೮೬ ಡಿಗ್ರಿ ಅಕ್ಷಾಂಶವನ್ನು ದಾಟಿದ ಮೇಲೆ, ಮುಂದೆ ಹೋದರೆ ಬದುಕಿ ಬರುವುದು ಅಸಾಧ್ಯವೆಂದು ಕಂಡು, ಅಂತಹ ವೀರನೂ ಹಿಂದಿರುಗಿದನು. ಚಳಿಗಾಲವು ಅವರನ್ನು ಫ್ರಾನ್ಸ್ ಯೋಸೆಫ್ ದ್ವೀಪಸ್ತೋಮದಲ್ಲಿ ತಡೆಯಿತು. ಕಲ್ಲಿನ ಗೋಡೆಗೆ ವಾಲ್ರಸ್ ಎಂಬ ಕಡಲಪ್ರಾಣಿಯ ಚರ್ಮದ ಮಾಡನ್ನು ಹೊದಿಸಿ, ಕರಡಿಯ ಮಾಂಸವನ್ನು ತಿಂದು, ಒಂದೇ ಮಲಗುವ ಚೀಲವನ್ನು ಹಂಚಿಕೊಂಡು ತಿಂಗಳುಗಟ್ಟಲೆ ಕಳೆದರು. ನಮ್ಮಂತೆಯೇ ಅವರ ನುಡಿಯಲ್ಲಿಯೂ ‘ನೀವು’ ಬೇರೆ, ‘ನೀನು’ ಬೇರೆ. ಇನ್ನು ಮೇಲೆ ಏಕವಚನದಲ್ಲಿ ಮಾತನಾಡೋಣವೆಂದು ನಾನ್ಸೆನ್ ಸೂಚಿಸಿದ್ದು ೧೮೯೫ರ ಡಿಸೆಂಬರ್ ೩೧ರಂದು, ಹಡಗನ್ನು ಬಿಟ್ಟು ಒಂಬತ್ತು ತಿಂಗಳು ಕಳೆದ ಮೇಲೆ! ನಮ್ಮ ಗೆಳೆಯರಿಗೆ ಇದನ್ನು ಹೇಳಿದಾಗ ಅವರು, “ಹಾಗಾದರೆ ನಾವೇ ವೇಗವಾಗಿ ಕಲಿತೆವು” ಎಂದರು.

ನಾಲ್ಕನೆಯ ದಿನ ಗಾಳಿ ನಿಂತಿತು; ನಾವು ಕುಟೀರವನ್ನು ಸೇರಿದೆವು. ಅಲ್ಲಿ ಆಳುಕಾಳಿಲ್ಲ. ಒಬ್ಬರು ಸೌದೆ ಒಡೆಯಬೇಕು, ಒಬ್ಬರು ಕೆರೆಯ ಮಂಜುಗಡ್ಡೆಯಲ್ಲಿ ಕೊರೆದ ರಂಧ್ರದಿಂದ ನೀರು ತರಬೇಕು. ಹೊರಡುವಾಗ ಮುಂದೆ ಬರುವ ಅಪರಿಚಿತರಿಗಾಗಿ ಸೌದೆಯನ್ನು ಒಟ್ಟಿ, ಬಕೀಟುಗಳನ್ನು ತುಂಬಿ ಹೋಗುವುದು ಅಲ್ಲಿಯ ಮರ್ಯಾದೆ. ನಡುರಾತ್ರಿ ಹೊರಗೆ ಬಂದಾಗ ಆಕಾಶದಲ್ಲಿ ಹಸುರು ಬೆಳಕಿನ ತೆರೆ ತೂಗುತ್ತಿತ್ತು. ಸೂರ್ಯನಿಂದ ಹೊರಟ ವಿದ್ಯುತ್ಕಣಗಳು, ನೂರು ಕಿಲೋಮೀಟರಿಗೂ ಎತ್ತರದಲ್ಲಿ ಆಮ್ಲಜನಕವನ್ನು ತಾಕಿದಾಗ ಈ ಬಣ್ಣ ಹುಟ್ಟುತ್ತದೆಂದು ನಮ್ಮ ವಿದ್ಯಾರ್ಥಿಯು ವಿವರಿಸಿದನು. ನಾವು ತಲೆಯೆತ್ತಿ ನೋಡುತ್ತಿದ್ದೆವು. ಗಣಿತದವರು ಮಾತ್ರ ನಡುನಡುವೆ ನಮ್ಮ ಮೂಗಿನ ಕಡೆಗೂ ಒಮ್ಮೊಮ್ಮೆ ದೃಷ್ಟಿ ಹಾಯಿಸುತ್ತಿದ್ದರು.

ಊರಿಗೆ ಬಂದ ಮೇಲೆ ಕಾಲೇಜಿನಲ್ಲಿ, ಹತ್ತು ಜನರ ಎದುರಿಗೆ, ನಾವಿಬ್ಬರೂ ಮೊದಲಿನಂತೆ ಬಹುವಚನದವರೇ ಆದೆವು. ಆದರೆ ಪುಷ್ಯದ ಚಳಿಯಲ್ಲಿ ಅವರು ಬೆಳಗಿನ ಹೊತ್ತು ನಮ್ಮ ಮನೆಯ ಬಾಗಿಲಿಗೆ ಬಂದರೆ, ಕುಶಲವನ್ನು ಕೇಳುವುದಕ್ಕೆ ಮೊದಲು ನಮ್ಮ ಮುಖವನ್ನು ಒಮ್ಮೆ ದಿಟ್ಟಿಸಿ ನೋಡುತ್ತಾರೆ. ನಾವೂ ಅವರ ಮುಖವನ್ನು ನೋಡುತ್ತೇವೆ. ಆಮೇಲೆ ಕಾಫಿ.