ಬಾಟಲಿಯ ಚೀಟಿಯೂ ಹಲಸಿನ ಮೇಣವೂ

(ಕುಂದಾಪುರ, ಬೈಂದೂರು, ಬ್ರಹ್ಮಾವರ ವಲಯದ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳು)



ಉಳಿತಾಯ, ಸಾಲ, ಬಡ್ಡಿ, ನಿರ್ಣಯ ಪುಸ್ತಕ - ಇದರ ಬಗ್ಗೆ ನಿಮಗೆ ಹೇಳಿ ಹೇಳಿ ಸಾಕಾಗಿದೆ. ಇವತ್ತು ನಾನು ತಕೊಂಡ ವಿಷಯ ಕೇಳಿದರೆ ನೀವು ನಗಬಹುದು. ಬಾಟಲಿ, ಡಬ್ಬ, ಪಾತ್ರೆಗೆ ಅಂಟಿದ ಚೀಟಿ ತೆಗೆಯುವುದು ಹೇಗೆ ಅಂತ. "ಇದಕ್ಕೂ ಒಂದು ಸಭೆ ಬೇಕಾ ಮಾರಾಯ್ರೆ?" ಅಂತ ಹಿಂದಿನ ಸಾಲಿನಲ್ಲಿ ಯಾರೋ ಹೇಳಿದ್ದು ನನಗೆ ಕೇಳಿಸಿತು. ಸ್ವಲ್ಪ ತಾಳಿ.

ಕೆಲವು ವರ್ಷಗಳ ಹಿಂದೆ ನಮ್ಮ ಸಂಘದವರು ಮಾವಿನ ಉಪ್ಪಿನಕಾಯಿ ಮಾಡಿ ಒಂದು ಮೇಳದಲ್ಲಿ ಮಾರಲಿಕ್ಕೆ ಇಟ್ಟೆವು. ಹೊಸ ಬಾಟಲಿಗೆ ದುಡ್ಡು ಯಾಕೆ ಅಂತ ಮನೆಮನೆಯಿಂದ ಹಳೆಯ ಗಾಜಿನ ಬಾಟಲಿ ಒಟ್ಟು ಮಾಡಿದೆವು. ಚೀಟಿಯನ್ನು ಚೂರಿಯಲ್ಲಿ ಹೆರೆದೆವು. ಅರ್ಧ ಹೋಯಿತು, ಅರ್ಧ ಉಳಿಯಿತು. ಉಳಿದದ್ದರ ಮೇಲೆಯೇ ನಮ್ಮ ಸಂಘದ ಚೀಟಿ ಅಂಟಿಸಿದೆವು. ಮೇಳದಲ್ಲಿ ಒಬ್ಬರು ಬಾಟಲಿ ಎತ್ತಿ ನೋಡಿ ಚೀಟಿಯ ಮೂಲೆಯನ್ನು ಉಗುರಲ್ಲಿ ಎಬ್ಬಿಸಿದರು. ಅಡಿಯಲ್ಲಿ ಬೇರೆಯದೇ ಹೆಸರು, ಎರಡು ವರ್ಷ ಹಳೆಯ ತಾರೀಕು! "ಇದು ಯಾವ ಕಾಲದ್ದು?" ಅಂತ ಕೇಳಿ ಕೆಳಗಿಟ್ಟರು. ಅವರ ಹಿಂದೆ ನಿಂತವರೂ ಇಟ್ಟರು. ಉಪ್ಪಿನಕಾಯಿ ಒಳ್ಳೆಯದೇ ಇತ್ತು, ಆದರೆ ಅದನ್ನು ಯಾರಿಗೆ ಹೇಳುವುದು? ನಲವತ್ತು ಬಾಟಲಿಯಲ್ಲಿ ಇಪ್ಪತ್ತಾರು ವಾಪಸ್ ಮನೆಗೆ ಬಂತು. ಅದನ್ನು ಹೊತ್ತುಕೊಂಡು ಬಸ್ಸು ಹತ್ತಿದ್ದು ನನಗೆ ಈಗಲೂ ನೆನಪುಂಟು.

ಆಮೇಲೆಯೇ ನಾನು ಈ ಅಂಟಿನ ಹಿಂದೆ ಬಿದ್ದದ್ದು.

ಅಂಟಿನಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ನೀರಿನ ಅಂಟು. ಮೈದಾ ಗಂಜಿಯ ಹಾಗೆ, ಅನ್ನದ ಅಗುಳಿನ ಹಾಗೆ. ಇದು ನೀರಿನಲ್ಲಿ ನೆನೆದರೆ ಬಿಡುತ್ತದೆ. ಕೆಲವು ಗಾಜಿನ ಬಾಟಲಿಯ ಕಾಗದದ ಚೀಟಿ ಈ ಜಾತಿ. ಬಕೆಟಿನಲ್ಲಿ ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಸಾಬೂನು ಪುಡಿ ಹಾಕಿ ರಾತ್ರಿ ಮುಳುಗಿಸಿಡಿ. ಬೆಳಿಗ್ಗೆ ಚೀಟಿ ತಾನೇ ತೇಲುತ್ತಿರುತ್ತದೆ.

ಇನ್ನೊಂದು ಸ್ಟಿಕ್ಕರಿನ ಅಂಟು. ಹಿಂದಿನ ಕಾಗದ ಸುಲಿದು ಒತ್ತಿದರೆ ಸಾಕು, ಹಿಡಿಯುತ್ತದೆ. 1935ರಲ್ಲಿ ಅಮೆರಿಕದ ಸ್ಟ್ಯಾನ್ ಏವರಿ ಎನ್ನುವವರು ಇಂಥ ಚೀಟಿಯನ್ನು ವ್ಯಾಪಾರಕ್ಕೆ ತಂದರು. ನಮ್ಮ ಹಣೆಯ ಸ್ಟಿಕ್ಕರ್ ಬಿಂದಿಯೂ ಇದೇ ಜಾತಿ. ಇದರ ಅಂಟು ರಬ್ಬರಿನಂಥದ್ದು ಅಥವಾ ಪ್ಲಾಸ್ಟಿಕ್ಕಿನಂಥದ್ದು. ನೀರಿಗೆ ಕರಗುವುದಿಲ್ಲ. ಎಷ್ಟು ತಿಕ್ಕಿದರೂ ಕಾಗದ ಹೋಗಿ ಅಂಟು ಉಳಿಯುತ್ತದೆ, ಅದಕ್ಕೆ ಧೂಳು ಕೂತು ಕಪ್ಪಾಗುತ್ತದೆ.

ಇದಕ್ಕೆ ಮದ್ದು ಎಂತ? ನಿಮಗೆ ಗೊತ್ತುಂಟು! ಹಲಸಿನ ಹಣ್ಣು ಕೊಯ್ಯುವ ಮೊದಲು ಕೈಗೆ, ಕತ್ತಿಗೆ ಎಂತ ಹಚ್ಚುತ್ತೀರಿ? ತೆಂಗಿನೆಣ್ಣೆ. ಮೇಣ ಕೈಗೆ ಅಂಟಿದರೆ ನೀರಲ್ಲಿ ತೊಳೆಯುತ್ತೀರಾ? ಇಲ್ಲ, ಮತ್ತೆ ಎಣ್ಣೆಯೇ. ಹಲಸಿನ ಮೇಣ ನೀರಿಗೆ ಸೇರುವುದಿಲ್ಲ, ಎಣ್ಣೆಗೆ ಸೇರುತ್ತದೆ. ಸ್ಟಿಕ್ಕರಿನ ಅಂಟಿನ ಗುಣವೂ ಅದೇ. ನಮ್ಮ ಅಜ್ಜಿಯಂದಿರು ಯಾವ ಕಾಲೇಜಿಗೂ ಹೋಗದೆ ಇದನ್ನು ತಿಳಿದಿದ್ದರು.

ಹಾಗಾಗಿ ಮೊದಲು ಮೇಲಿನ ಕಾಗದವನ್ನು ಕೈಯಲ್ಲಿ ಸುಲಿಯಿರಿ. ಕಾಗದ ಇದ್ದರೆ ಎಣ್ಣೆ ಒಳಗೆ ಇಳಿಯುವುದಿಲ್ಲ. ಅಂಟಿನ ಮೇಲೆ ತೆಂಗಿನೆಣ್ಣೆ ಸವರಿ ಅರ್ಧ ಗಂಟೆ ಬಿಡಿ. ಹಠದ ಅಂಟಾದರೆ ಎಣ್ಣೆಗೆ ಅಡುಗೆ ಸೋಡ ಬೆರೆಸಿ ಹಚ್ಚಿ. ಆಮೇಲೆ ಹಳೆ ಬಟ್ಟೆಯಲ್ಲಿ ಉಜ್ಜಿ, ಸಾಬೂನು ಹಾಕಿ ತೊಳೆಯಿರಿ. ಸಾಬೂನಿನ ಕೆಲಸ ಎಣ್ಣೆ ತೆಗೆಯುವುದು, ಅಂಟು ತೆಗೆಯುವುದಲ್ಲ. ನಾವು ಸಾಬೂನಿನಿಂದ ಶುರು ಮಾಡಿ ಸೋಲುವುದು ಅದಕ್ಕೇ.

ಸ್ಟೀಲ್ ಪಾತ್ರೆಗೆ ಇನ್ನೂ ಸುಲಭ. ಬಿಸಿಗೆ ಅಂಟು ಮೆತ್ತಗಾಗುತ್ತದೆ. ಪಾತ್ರೆಯೊಳಗೆ ಕುದಿನೀರು ಹೊಯ್ದು ಐದು ನಿಮಿಷ ಬಿಟ್ಟು, ಹೊರಗಿನ ಚೀಟಿಯನ್ನು ಮೂಲೆಯಿಂದ ನಿಧಾನ ಎಳೆಯಿರಿ. ಉಕ್ಕಿನ ನಾರಿನಲ್ಲಿ ತಿಕ್ಕಬೇಡಿ, ಹೊಸ ಪಾತ್ರೆಯ ಹೊಳಪು ಹೋಗುತ್ತದೆ. ತಣ್ಣಗಿನ ಗಾಜಿನ ಬಾಟಲಿಗೆ ಒಮ್ಮೆಗೇ ಕುದಿನೀರು ಹೊಯ್ಯಬೇಡಿ, ಒಡೆಯುತ್ತದೆ. ತೆಳು ಪ್ಲಾಸ್ಟಿಕ್ ಬಾಟಲಿ ಬಿಸಿನೀರಿಗೆ ಮುದುಡುತ್ತದೆ, ಅದಕ್ಕೆ ಎಣ್ಣೆ ಮಾತ್ರ.

ಈಗ ಸೀಮೆಎಣ್ಣೆಯ ಮಾತು. ಚೀಟಿ ಬೇಗ ಹೋಗುತ್ತದೆ, ಸುಳ್ಳಲ್ಲ. ಆದರೆ ಪ್ಲಾಸ್ಟಿಕ್ ಡಬ್ಬ ಅದರ ವಾಸನೆ ಹೀರುತ್ತದೆ. ನನ್ನ ಅಮ್ಮ ಹಾಗೆ ತೊಳೆದ ಡಬ್ಬದಲ್ಲಿ ಹಪ್ಪಳ ತುಂಬಿಸಿ, ಮಳೆಗಾಲದಲ್ಲಿ ಅಷ್ಟನ್ನೂ ಗೊಬ್ಬರಗುಂಡಿಗೆ ಹಾಕಿದರು. ಥಿನ್ನರ್, ಉಗುರುಬಣ್ಣ ತೆಗೆಯುವ ದ್ರವ ಕೆಲವು ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಇದರ ಆವಿಗೆ ಬೆಂಕಿ ಹಿಡಿಯುತ್ತದೆ. ಒಲೆ ಉರಿಯುವ ಅಡುಗೆಮನೆಯಲ್ಲಿ ಈ ಕೆಲಸ ಬೇಡವೇ ಬೇಡ.

ಇನ್ನೊಂದು ವಿಷಯ, ಇದನ್ನು ಮನೆಯ ಗಂಡಸರಿಗೂ ಹೇಳಿ. ಗದ್ದೆಗೆ, ತೋಟಕ್ಕೆ ಹೊಡೆಯುವ ಮದ್ದಿನ ಡಬ್ಬ ಎಷ್ಟು ಚಂದ ಇದ್ದರೂ ಚೀಟಿ ತೆಗೆದು ಮನೆಗೆ ಬಳಸಬಾರದು. ವಿಷ ಪ್ಲಾಸ್ಟಿಕ್ಕಿನಲ್ಲಿ ಇಳಿದಿರುತ್ತದೆ, ತೊಳೆದರೆ ಹೋಗುವುದಿಲ್ಲ. 1971ರ ಕೀಟನಾಶಕ ನಿಯಮಗಳಲ್ಲೇ ಖಾಲಿ ಡಬ್ಬವನ್ನು ಒಡೆದು ಜನವಸತಿಯಿಂದ ದೂರ ಹೂಳಬೇಕು ಅಂತ ಉಂಟು. ಹಾಗೆಯೇ ಫಿನಾಯಿಲ್, ಆಸಿಡ್, ಔಷಧಿ ಬಾಟಲಿಯ ಚೀಟಿ ಕೀಳಲೇಬೇಡಿ. ಆಸಿಡನ್ನು ನೀರಿನ ಬಾಟಲಿಗೆ ಹೊಯ್ದಿಡುವ ಅಭ್ಯಾಸ ನಮ್ಮಲ್ಲಿ ಉಂಟು. ಬಾಯಾರಿ ಬಂದ ಮಗುವಿಗೆ ಅದು ನೀರಲ್ಲ ಅಂತ ಯಾರು ಹೇಳುವುದು?

ಮಾರಾಟಕ್ಕೆ ಮಾಡುವವರಿಗೆ ಎರಡು ಮಾತು. ಗಾಜಿನ ಬಾಟಲಿಯನ್ನು ತಣ್ಣೀರಲ್ಲಿ ಮುಳುಗಿಸಿಟ್ಟು ಕಾಯಿಸಿ, ಹತ್ತು ನಿಮಿಷ ಕುದಿಸಿ, ಬೋರಲು ಹಾಕಿ ಪೂರ್ತಿ ಒಣಗಿಸಿ. ಮುಚ್ಚಳ ಮಾತ್ರ ಹೊಸತೇ ಬೇಕು. 2018ರ ಆಹಾರ ಪ್ಯಾಕಿಂಗ್ ನಿಯಮದಂತೆ ಒಮ್ಮೆ ಬಳಸಿದ ಲೋಹದ ಡಬ್ಬದಲ್ಲಿ ಮತ್ತೆ ಆಹಾರ ತುಂಬಿ ಮಾರುವಂತಿಲ್ಲ. ತೆಂಗಿನೆಣ್ಣೆ ಮಾರುವವರು ಇದನ್ನು ಗಮನಿಸಬೇಕು. ನಿಮ್ಮ ಹೊಸ ಚೀಟಿಯಲ್ಲಿ ಸಂಘದ ಹೆಸರು, ವಿಳಾಸ, ಮಾಡಿದ ತಾರೀಕು, ತೂಕ, ಬೆಲೆ, ಮತ್ತೆ ಆಹಾರ ಸುರಕ್ಷತಾ ಇಲಾಖೆ ಕೊಡುವ 14 ಅಂಕೆಯ ನಂಬರ್ ಇರಲಿ. ಅಂಟಿಸುವ ಮೊದಲು ಬಾಟಲಿಯ ಹೊರಮೈ ಒಮ್ಮೆ ಒಣ ಬಟ್ಟೆಯಲ್ಲಿ ಒರೆಸಿ. ಎಣ್ಣೆಯ ಪಸೆ ಉಳಿದರೆ ನಮ್ಮ ಚೀಟಿಯೇ ಉದುರುತ್ತದೆ. ನಮ್ಮದು ಎರಡನೇ ವರ್ಷ ಹಾಗೂ ಆಯಿತು, ಅದನ್ನು ಹೇಳಲಿಕ್ಕೆ ನಾಚಿಕೆ ಇಲ್ಲ.

ಮುಂದಿನ ಸಭೆಗೆ ಬರುವಾಗ ಒಬ್ಬೊಬ್ಬರು ಚೀಟಿ ಬಿಡದ ಒಂದು ಬಾಟಲಿ ತನ್ನಿ. ಎಣ್ಣೆ, ಸೋಡ ನಾನು ತರುತ್ತೇನೆ. ಹಳೆ ಬಟ್ಟೆ ನೀವೇ ತರಬೇಕು.